ಹೇಳುವ ದರ, ಹೋದ ದರ: ಶಿವಮೊಗ್ಗದಲ್ಲಿ ಮನೆ ಕೊಳ್ಳುವ ಮುಂಚೆ ಯಾವ ಅಂಕಿ ನಂಬಬೇಕು?

ಶಿವಮೊಗ್ಗದಲ್ಲಿ ಮನೆ ಹುಡುಕಲು ಹೊರಟರೆ ಒಂದೇ ಬೀದಿಗೆ ಐದಾರು ಥರದ ದರ ಕಿವಿಗೆ ಬೀಳುತ್ತದೆ. ಜಾಹೀರಾತಿನಲ್ಲಿ ಒಂದು, ಬ್ರೋಕರ್ ಬಾಯಲ್ಲಿ ಇನ್ನೊಂದು, ಎದುರು ಮನೆಯವರ ಪ್ರಕಾರ ಮತ್ತೊಂದು. ಸರ್ಕಾರದ ಮಾರ್ಗಸೂಚಿ ದರ ನೋಡಿದರೆ ಇವೆಲ್ಲಕ್ಕಿಂತ ಕೆಳಗೆ. ಸಾಲಕ್ಕೆ ಹೋದರೆ ಬ್ಯಾಂಕಿನ ವ್ಯಾಲ್ಯೂಯರ್ ಬೇರೆಯದೇ ಅಂಕಿ ಬರೆಯುತ್ತಾರೆ. ಜೀವಮಾನದ ಉಳಿತಾಯ ಹಾಕುವ ಜಾಗದಲ್ಲಿ ಇಷ್ಟೊಂದು ಗೊಂದಲ ಇರಬಾರದು. ಆದರೆ ಇದೆ.

ಈ ಅಂಕಿಗಳಲ್ಲಿ ಯಾವುದು ಯಾಕೆ ಹುಟ್ಟಿತು, ಯಾವುದನ್ನು ಎಷ್ಟು ನಂಬಬಹುದು ಅಂತ ಒಂದರ ಪಕ್ಕ ಒಂದಿಟ್ಟು ನೋಡೋಣ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಅದೇ ಬೀದಿಯಲ್ಲಿ, ಕಳೆದ ಒಂದೆರಡು ವರ್ಷದಲ್ಲಿ, ಬ್ಯಾಂಕ್ ಸಾಲ ಮಾಡಿ ಮನೆ ಕೊಂಡವರ ಕ್ರಯಪತ್ರಕ್ಕಿಂತ ಗಟ್ಟಿಯಾದ ಆಧಾರ ನಿಮಗೆ ಬೇರೆ ಸಿಗುವುದಿಲ್ಲ. ಉಳಿದದ್ದೆಲ್ಲ ಅದಕ್ಕೆ ಒರೆಹಚ್ಚಿ ನೋಡಲು.

ಜಾಹೀರಾತಿನ ದರ

ಮ್ಯಾಜಿಕ್‌ಬ್ರಿಕ್ಸ್, 99 ಏಕರ್ಸ್, ಓಎಲ್‌ಎಕ್ಸ್, ಫೇಸ್‌ಬುಕ್, ವಾಟ್ಸಾಪ್ ಗುಂಪು, ಗೋಡೆ ಮೇಲಿನ ಬೋರ್ಡು, ಎಲ್ಲಾ ಕಡೆ ಇರುವುದು ಮಾರುವವರು ಕೇಳುವ ದರ. ಚೌಕಾಸಿಗೆ ಜಾಗ ಇಟ್ಟುಕೊಂಡೇ ಹೇಳಿರುತ್ತಾರೆ. ವ್ಯಾಪಾರ ಕುದುರಿದ ಮೇಲೆ ಜಾಹೀರಾತು ಸುಮ್ನೆ ಮಾಯವಾಗುತ್ತದೆ, ಕೊನೆಗೆ ಎಷ್ಟಕ್ಕೆ ಮುಗಿಯಿತು ಅಂತ ಅಲ್ಲಿ ಯಾರೂ ಬರೆಯುವುದಿಲ್ಲ. ಜಾಸ್ತಿ ಹೇಳಿ ಮಾರಾಟವಾಗದ ಮನೆಗಳು ಮಾತ್ರ ತಿಂಗಳುಗಟ್ಟಲೆ ಹಾಗೇ ನಿಂತಿರುತ್ತವೆ. ಹಾಗಾಗಿ ಪೋರ್ಟಲ್ ತೆರೆದು ಸರಾಸರಿ ತೆಗೆದರೆ, ಮಾರಾಟವಾಗದ ಮನೆಗಳ ಸರಾಸರಿ ಸಿಕ್ಕೀತು.

ಆದರೂ ಒಂದು ಉಪಯೋಗ ಇದೆ. ನಿಮಗೆ ಇಷ್ಟವಾದ ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದಿನಾಂಕ ಬರೆದಿಡಿ. ಮೂರು ತಿಂಗಳ ನಂತರವೂ ಅದೇ ಮನೆ ಇದ್ದು, ದರ ಇಳಿದಿದ್ದರೆ, ಹಳೆಯ ದರಕ್ಕೆ ಯಾರೂ ಬಂದಿಲ್ಲ ಅಂತ ಗೊತ್ತಾಗುತ್ತದೆ. ಇದು ಚಿಕ್ಕ ಸುಳಿವು, ಆದರೆ ನಿಜವಾದ ಸುಳಿವು.

ಮಾರ್ಗಸೂಚಿ ದರ

ನೋಂದಣಿ ಮತ್ತು ಮುದ್ರಾಂಕ ಇಲಾಖೆ ಪ್ರತಿ ಬಡಾವಣೆಗೆ, ಪ್ರತಿ ಗ್ರಾಮಕ್ಕೆ ಒಂದು ಮಾರ್ಗಸೂಚಿ ದರ ಪ್ರಕಟಿಸುತ್ತದೆ. ಆಡುಮಾತಿನಲ್ಲಿ ಇದನ್ನೇ ಗೈಡೆನ್ಸ್ ವ್ಯಾಲ್ಯೂ ಅನ್ನುತ್ತೇವೆ. ನಿವೇಶನಕ್ಕೆ ಚದರ ಮೀಟರ್ ಲೆಕ್ಕ, ಕೃಷಿ ಜಮೀನಿಗೆ ಎಕರೆ ಲೆಕ್ಕ. ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಈ ದರ ದೊಡ್ಡ ಮಟ್ಟದಲ್ಲಿ ಪರಿಷ್ಕರಣೆಯಾಯಿತು.

ಇದರ ಕೆಲಸ ಮುದ್ರಾಂಕ ಶುಲ್ಕಕ್ಕೆ ಕೆಳಗಿನ ಮಿತಿ ಹಾಕುವುದು. ನೀವು ಪತ್ರದಲ್ಲಿ ಬರೆದ ಮೊತ್ತ, ಮಾರ್ಗಸೂಚಿ ಮೌಲ್ಯ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಶುಲ್ಕ. ಮಾರುಕಟ್ಟೆ ದರ ತಿಳಿಸುವುದು ಅದರ ಉದ್ದೇಶವೇ ಅಲ್ಲ. ವರ್ಷಗಟ್ಟಲೆ ಬದಲಾಗದೆ ಇದ್ದು, ಆಮೇಲೆ ಒಂದೇ ಸಲ ಏರುತ್ತದೆ. ನಡುವೆ ಊರು ಬೆಳೆದರೂ ಅಂಕಿ ಅಲ್ಲೇ ನಿಂತಿರುತ್ತದೆ. ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ಅಂಥ ಸುದ್ದಿಗೆ ಸುತ್ತಲಿನ ಸೈಟು ಮಾರುವವರು ಮಾರನೇ ದಿನವೇ ದರ ಏರಿಸಬಹುದು, ಮಾರ್ಗಸೂಚಿ ಏರಬೇಕಾದರೆ ಸಮಿತಿ ಕೂರಬೇಕು, ಅಧಿಸೂಚನೆ ಹೊರಡಬೇಕು.

ಹಾಗಂತ ಇದನ್ನು ಬಿಡುವಂತಿಲ್ಲ. ಎರಡು ಬಡಾವಣೆ ಹೋಲಿಸಲು ಒಳ್ಳೆಯದು. ವಿನೋಬನಗರಕ್ಕೂ ಗಾಡಿಕೊಪ್ಪಕ್ಕೂ ಮಾರ್ಗಸೂಚಿಯಲ್ಲಿ ಎಷ್ಟು ಅಂತರವಿದೆ ನೋಡಿ, ಆಮೇಲೆ ಬ್ರೋಕರ್ ಹೇಳುವ ದರಗಳಲ್ಲಿ ಎಷ್ಟು ಅಂತರವಿದೆ ನೋಡಿ. ಎರಡಕ್ಕೂ ತಾಳೆಯೇ ಇಲ್ಲದಿದ್ದರೆ ಯಾಕೆ ಅಂತ ಕೇಳಬೇಕಾಗುತ್ತದೆ. ಇನ್ನೊಂದು ಉಪಯೋಗ ಮುಂದೆ ಕ್ರಯಪತ್ರ ಓದುವಾಗ ಬರುತ್ತದೆ.

ಕ್ರಯಪತ್ರ ಮತ್ತು ಇ.ಸಿ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಅತಿ ಹೆಚ್ಚು ಮಾಹಿತಿ ಇರುವ ಜಾಗ ಇದು, ಅತಿ ಕಡಿಮೆ ಜನ ನೋಡುವ ಜಾಗವೂ ಇದೇ.

ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ. ಕೊಳ್ಳುವ ಮನೆಯ ಮೇಲೆ ಸಾಲ ಇದೆಯಾ ಅಂತ ನೋಡಲು ಮಾತ್ರ ಇದು ಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಆ ಸ್ವತ್ತಿನ ಮೇಲೆ ನೋಂದಣಿಯಾದ ಪ್ರತಿ ವ್ಯವಹಾರ, ಅದರ ಮೊತ್ತದ ಸಮೇತ ಅದರಲ್ಲಿ ಇರುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿ ಪತ್ರಗಳು ದಾಖಲಾಗುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಕೇಳಬಹುದು. ನಿಮ್ಮ ಹೆಸರಿನ ಸ್ವತ್ತೇ ಆಗಬೇಕಿಲ್ಲ. ಈಗ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಇ.ಸಿ. ಹುಡುಕಬಹುದು. ಡಿಜಿಟಲ್ ಸಹಿ ಇರುವ ಪ್ರತಿ ಬೇಕೆಂದರೆ ಶುಲ್ಕ ಕಟ್ಟಬೇಕು. 2004ರ ಏಪ್ರಿಲ್‌ಗಿಂತ ಹಿಂದಿನದು ಬೇಕಾದರೆ ಉಪನೋಂದಣಿ ಕಚೇರಿಯ ಹಳೆಯ ಪುಸ್ತಕ ಹುಡುಕಿಸಬೇಕು, ಆದರೆ ದರ ತಿಳಿಯಲು ಅಷ್ಟು ಹಿಂದೆ ಹೋಗುವ ಅಗತ್ಯವೇ ಇಲ್ಲ.

ಹುಡುಕಲು ಬೇಕಾದದ್ದು ಸ್ವತ್ತಿನ ಸಂಖ್ಯೆ. ಇಲ್ಲಿ ತಾಳ್ಮೆ ಬೇಕು. ಒಂದೇ ಮನೆಗೆ ಸೈಟ್ ನಂಬರ್ ಒಂದು, ಖಾತೆ ನಂಬರ್ ಒಂದು, ಹಳೇ ಸರ್ವೆ ನಂಬರ್ ಇನ್ನೊಂದು ಇರುತ್ತದೆ. ಯಾವ ಸಂಖ್ಯೆಯಲ್ಲಿ ದಾಖಲಾಗಿದೆಯೋ ಆ ಸಂಖ್ಯೆಯಲ್ಲೇ ಸಿಗುವುದು. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ. ನೀವು ನೋಡುತ್ತಿರುವ ಮನೆಯ ಪತ್ರದಲ್ಲಿ ಚೆಕ್ಕುಬಂದಿ ಇರುತ್ತದಲ್ಲ, ಪೂರ್ವಕ್ಕೆ ಇಂಥ ನಂಬರಿನ ಸೈಟು, ಪಶ್ಚಿಮಕ್ಕೆ ರಸ್ತೆ ಅಂತ, ಅಕ್ಕಪಕ್ಕದ ಸೈಟುಗಳ ಸಂಖ್ಯೆ ಸಿಗುವುದು ಅಲ್ಲೇ. ಅವನ್ನು ಹಿಡಿದು ಹೋಗಿ.

ಈಗ ಓದುವುದು ಹೇಗೆ? ಲೆಕ್ಕ ತೋರಿಸಲು ನಾನೇ ಹಿಡಿದ ಅಂಕಿಗಳಿವು. ಒಂದು ಸಾಲಿನಲ್ಲಿ ಹೀಗಿದೆ ಅಂದುಕೊಳ್ಳಿ: ಕ್ರಯಪತ್ರ, ಮಾರುಕಟ್ಟೆ ಮೌಲ್ಯ 38,40,000, ಪ್ರತಿಫಲದ ಮೊತ್ತ 38,50,000. ಇಲ್ಲಿ ಮಾರುಕಟ್ಟೆ ಮೌಲ್ಯ ಅಂತ ಬರೆದಿರುವುದು ಮಾರ್ಗಸೂಚಿ ಲೆಕ್ಕದ ಮೌಲ್ಯ. ಪ್ರತಿಫಲ ಅಂದರೆ ಕೊಟ್ಟೆವು ಅಂತ ಇಬ್ಬರೂ ಒಪ್ಪಿ ಬರೆಸಿದ ದುಡ್ಡು. ಎರಡಕ್ಕೂ ಹತ್ತು ಸಾವಿರ ಮಾತ್ರ ವ್ಯತ್ಯಾಸ. ಇಂಥ ಸಾಲು ಕಂಡರೆ, ಮಾರ್ಗಸೂಚಿ ಎಷ್ಟಿದೆ ನೋಡಿಕೊಂಡು ಅದಕ್ಕೆ ತಾಗಿಸಿ ಬರೆಸಿದ್ದಾರೆ ಅಂತ ಅನುಮಾನಿಸಬೇಕು. ಉಳಿದದ್ದು ನಗದಿನಲ್ಲಿ ಕೈ ಬದಲಾಗಿರಬಹುದು. ಈ ಅಂಕಿಯನ್ನು ನಿಮ್ಮ ಹೋಲಿಕೆಯಿಂದ ತೆಗೆದುಹಾಕಿ.

ಇನ್ನೊಂದು ಮನೆಯ ಇ.ಸಿ.ಯಲ್ಲಿ ಹೀಗಿದೆ: ಕ್ರಯಪತ್ರ, ಮಾರುಕಟ್ಟೆ ಮೌಲ್ಯ 38,40,000, ಪ್ರತಿಫಲ 58,00,000. ಅದರ ಮುಂದಿನ ಸಾಲಿನಲ್ಲಿ, ಒಂದೆರಡು ವಾರದೊಳಗಿನ ದಿನಾಂಕದಲ್ಲಿ, ಹಕ್ಕುಪತ್ರಗಳ ಠೇವಣಿಯ ಪತ್ರ (ಮನೆಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದ ದಾಖಲೆ), ಬ್ಯಾಂಕಿನ ಹೆಸರು, 45,00,000. ಇದು ಬಂಗಾರದಂಥ ಸಾಲು. ಯಾಕೆ ಗೊತ್ತಾ? ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲಕ್ಕೆ ಸ್ವತ್ತಿನ ಮೌಲ್ಯದ 90% ತನಕ ಕೊಡಬಹುದು, 30ರಿಂದ 75 ಲಕ್ಷದ ಸಾಲಕ್ಕೆ 80%, ಅದಕ್ಕೂ ಮೇಲೆ 75%. ಹಾಗಾದರೆ 45 ಲಕ್ಷ ಸಾಲ ಕೊಡಬೇಕಾದರೆ ಆ ಮನೆಗೆ ಬ್ಯಾಂಕು ಕಡಿಮೆಯೆಂದರೂ 56,25,000 ಮೌಲ್ಯ ಕಟ್ಟಿರಬೇಕು. ಪತ್ರದಲ್ಲಿ 58 ಇದೆ. ಎರಡೂ ತಾಳೆಯಾಯಿತು. ಕೊಂಡವರಿಗೆ ಸಾಲ ಬೇಕಿತ್ತು, ಅದಕ್ಕಾಗಿ ನಿಜದ ದರ ಬರೆಸಬೇಕಾಯಿತು. ಅವರ ಅಗತ್ಯ ನಿಮಗೆ ಮಾಹಿತಿಯಾಯಿತು.

ಈ ಲೆಕ್ಕದಲ್ಲಿ ಎರಡು ಎಚ್ಚರ ಬೇಕು. ಸಾಲದ ದಿನಾಂಕ ಕ್ರಯಪತ್ರಕ್ಕೆ ಹತ್ತಿರ ಇರಬೇಕು. ಮೂರು ವರ್ಷ ಬಿಟ್ಟು ಮಾಡಿದ ಸಾಲ ಮೇಲ್ಮಹಡಿ ಕಟ್ಟಲು ತೆಗೆದದ್ದಿರಬಹುದು, ವ್ಯಾಪಾರಕ್ಕೆ ಅಡಮಾನ ಇಟ್ಟದ್ದಿರಬಹುದು. ಮತ್ತೆ, ಸಾಲ ಕಡಿಮೆ ಇದೆ ಅಂದ ಮಾತ್ರಕ್ಕೆ ದರ ಕಡಿಮೆ ಅಂತಲ್ಲ, ಕೊಂಡವರ ಕೈಯಲ್ಲಿ ದುಡ್ಡಿತ್ತು ಅಷ್ಟೆ. ಸಾಲದಿಂದ ಕೆಳಗಿನ ಮಿತಿ ಸಿಗುತ್ತದೆ, ಮೇಲಿನದು ಸಿಗುವುದಿಲ್ಲ.

ಎಲ್ಲಾ ಪತ್ರಗಳೂ ದರ ಹೇಳುವುದಿಲ್ಲ. ದಾನಪತ್ರ, ವಿಭಾಗಪತ್ರ, ಹಕ್ಕುಬಿಡುಗಡೆ ಪತ್ರಗಳಲ್ಲಿ ಇರುವ ಮೊತ್ತಕ್ಕೂ ಮಾರುಕಟ್ಟೆಗೂ ಸಂಬಂಧವಿಲ್ಲ. ಅಣ್ಣ ತಮ್ಮನಿಗೆ ಮಾರಿದ್ದು, ಬೀಗರೊಳಗೆ ನಡೆದದ್ದು ಹೋಲಿಕೆಗೆ ಬರುವುದಿಲ್ಲ. ಸೂಡಾ, ಅಂದರೆ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಅಥವಾ ಗೃಹಮಂಡಳಿ ಮೊದಲ ಸಲ ಹಂಚಿಕೆ ಮಾಡಿದ ಪತ್ರದಲ್ಲಿ ಇರುವುದು ಹಂಚಿಕೆ ದರ. ಅದನ್ನು ಹಿಡಿದು "ನೀವು ಇಷ್ಟಕ್ಕೆ ತಗೊಂಡಿದ್ದೀರಲ್ಲ" ಅಂತ ಮಾರುವವರ ಹತ್ತಿರ ವಾದ ಮಾಡುವುದು ನ್ಯಾಯವಲ್ಲ. ನೋಂದಣಿಯಾದ ಕ್ರಯದ ಕರಾರು ಕಂಡರೆ ಮಾತ್ರ ಬಿಡಬೇಡಿ. ಅಗ್ರಿಮೆಂಟ್ ಹಂತದಲ್ಲಿ ಬರೆದ ಮೊತ್ತವೂ ಆಮೇಲೆ ಕ್ರಯಪತ್ರದಲ್ಲಿ ಬರೆದ ಮೊತ್ತವೂ ಬೇರೆ ಬೇರೆ ಇದ್ದರೆ, ಅಲ್ಲೊಂದು ಕಥೆ ಇರುತ್ತದೆ.

ಒಂದು ವಿನಂತಿ. ದಾಖಲೆ ಎಲ್ಲರಿಗೂ ತೆರೆದಿದೆ ನಿಜ. ಆದರೆ ಯಾರ ಮನೆ ಎಷ್ಟಕ್ಕೆ ಹೋಯಿತು ಅಂತ ಹೆಸರು ಹಿಡಿದು ಬೀದಿಯಲ್ಲಿ ಮಾತಾಡಬೇಡಿ. ನಾಳೆ ನೀವೂ ಅದೇ ಬೀದಿಯವರಾಗುತ್ತೀರಿ.

ಬ್ಯಾಂಕಿನ ವ್ಯಾಲ್ಯೂಯೇಶನ್

ನೀವು ಸಾಲ ಮಾಡುವವರಾದರೆ ಬ್ಯಾಂಕು ತನ್ನ ಪಟ್ಟಿಯ ಮೌಲ್ಯಮಾಪಕರನ್ನು ಮನೆಗೆ ಕಳಿಸುತ್ತದೆ. ಅವರು ನಿವೇಶನಕ್ಕೊಂದು, ಕಟ್ಟಡಕ್ಕೊಂದು ಮೌಲ್ಯ ಹಾಕಿ, ಕಟ್ಟಡದ ವಯಸ್ಸಿಗೆ ಸವಕಳಿ ಕಳೆಯುತ್ತಾರೆ. ತುರ್ತಾಗಿ ಮಾರಿದರೆ ಎಷ್ಟು ಬರಬಹುದು ಅನ್ನುವ ಅಂಕಿಯನ್ನೂ ಬರೆಯುತ್ತಾರೆ. ನನ್ನ ಕಣ್ಣಿಗೆ ಆ ಕೊನೆಯ ಅಂಕಿಯೇ ಮುಖ್ಯ. ನಾಳೆ ಕಷ್ಟ ಬಂದು ಮಾರುವ ಸಂದರ್ಭ ಬಂದರೆ ಕೈಗೆ ಸಿಗುವುದು ಅದಕ್ಕೆ ಹತ್ತಿರದ ದುಡ್ಡು.

ಬ್ಯಾಂಕಿನ ಅಂಕಿ ಸಾಮಾನ್ಯವಾಗಿ ಹುಷಾರಿನ ಕಡೆಗೆ ವಾಲಿರುತ್ತದೆ, ಸಾಲ ಮುಳುಗಬಾರದು ಅಂತ. ಆದರೆ ಕೆಲವೊಮ್ಮೆ ಒಪ್ಪಂದದ ಮೊತ್ತ ಮೊದಲೇ ತಿಳಿದು, ಅದಕ್ಕೆ ಹೊಂದುವ ಹಾಗೆ ವರದಿ ಬರುವುದೂ ಉಂಟು. ಅದಕ್ಕೇ ವರದಿಯ ಕೊನೇ ಪುಟದ ಮೊತ್ತ ನೋಡಿ ಸುಮ್ಮನಾಗಬೇಡಿ, ಪ್ರತಿ ಕೇಳಿ, ಚದರಡಿಗೆ ಎಷ್ಟು ಹಾಕಿದ್ದಾರೆ, ಯಾವ ಆಧಾರದ ಮೇಲೆ ಅಂತ ಓದಿ. ಸಾಲ ಬೇಡದವರೂ ನೋಂದಾಯಿತ ಮೌಲ್ಯಮಾಪಕರಿಗೆ ಶುಲ್ಕ ಕೊಟ್ಟು ಸ್ವಂತಕ್ಕೆ ವರದಿ ಮಾಡಿಸಬಹುದು. ಮನೆಯ ಬೆಲೆಗೆ ಹೋಲಿಸಿದರೆ ಆ ಖರ್ಚು ಏನೇನೂ ಅಲ್ಲ.

ಇದರ ತೊಂದರೆ ಒಂದೇ. ಈ ಅಂಕಿ ಕೈಗೆ ಬರುವುದು ತಡವಾಗಿ. ಮುಂಗಡ ಕೊಟ್ಟಾದ ಮೇಲೆ ಬ್ಯಾಂಕು ಕಡಿಮೆ ಮೌಲ್ಯ ಹಾಕಿದರೆ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ. ಸಾಲ ಸಿಗದಿದ್ದರೆ ಮುಂಗಡ ವಾಪಸ್ ಅನ್ನುವ ಮಾತನ್ನು ಕರಾರಿನಲ್ಲೇ ಬರೆಸಿ.

ಹರಾಜಿನ ದರ

ಸೂಡಾ ಆಗಾಗ ಮೂಲೆ ನಿವೇಶನಗಳನ್ನು ಬಹಿರಂಗ ಹರಾಜಿಗೆ ಇಡುತ್ತದೆ. ಅಲ್ಲಿ ಹೋದ ದರದಲ್ಲಿ ಬ್ಲ್ಯಾಕ್ ಇಲ್ಲ, ಮುಚ್ಚುಮರೆ ಇಲ್ಲ. ಆದರೆ ಮೂಲೆ ಸೈಟಿಗೆ ಯಾವಾಗಲೂ ಜಾಸ್ತಿ ಬೆಲೆ, ಪೈಪೋಟಿಯ ಬಿಸಿಯೂ ಸೇರಿರುತ್ತದೆ. ನಡುವಿನ ಸೈಟಿಗೆ ಅದನ್ನು ನೇರವಾಗಿ ಅನ್ವಯಿಸಬೇಡಿ, ಮೇಲಿನ ಮಿತಿ ಅಂತ ಇಟ್ಟುಕೊಳ್ಳಿ.

ಬ್ಯಾಂಕು ಸಾಲ ವಸೂಲಿಗೆ ಮಾಡುವ ಹರಾಜು ಇದಕ್ಕೆ ಉಲ್ಟಾ. ಸರ್ಫೇಸಿ ಕಾಯ್ದೆಯಡಿ ಹರಾಜಿಗೆ ಇಡುವಾಗ ಮೌಲ್ಯಮಾಪನ ಮಾಡಿಸಿ ಮೀಸಲು ಬೆಲೆ ನಿಗದಿ ಮಾಡುತ್ತಾರೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಯಾರೂ ಬರದಿದ್ದರೆ ಮುಂದಿನ ಸಲ ಇಳಿಸುತ್ತಾರೆ. ನೀವು ಹರಾಜಿನಲ್ಲಿ ಕೊಳ್ಳದಿದ್ದರೂ ಈ ಪ್ರಕಟಣೆ ಕತ್ತರಿಸಿಟ್ಟುಕೊಳ್ಳುವುದು ಒಳ್ಳೆಯದು. ನಿಮ್ಮ ಬಡಾವಣೆಯ ಮನೆಯೊಂದಕ್ಕೆ ಇಂಥ ದರದಲ್ಲಿ ಯಾರೂ ಕೈ ಎತ್ತಲಿಲ್ಲ ಅನ್ನುವುದು ದೊಡ್ಡ ಮಾಹಿತಿ. ಆದರೆ ಅಲ್ಲಿ ಬರೀ ಸಾಂಕೇತಿಕ ಸ್ವಾಧೀನ ಅಂತ ಬರೆದಿದ್ದರೆ ಮನೆ ಇನ್ನೂ ಬ್ಯಾಂಕಿನ ಕೈಗೆ ಬಂದಿಲ್ಲ, ಒಳಗೆ ಜನ ಇರಬಹುದು ಅಂತ ಅರ್ಥ. ಆ ತಲೆನೋವಿನ ಬೆಲೆಯೂ ಕಳೆದೇ ದರ ಇಳಿದಿರುತ್ತದೆ.

ಜನರ ಮಾತು

ಕಾಗದದಲ್ಲಿ ಸಿಗದ್ದು ಬಾಯಲ್ಲಿ ಸಿಗುತ್ತದೆ. ಆದರೆ ಕೇಳುವ ಕ್ರಮ ಇದೆ.

"ಅಣ್ಣಾ, ನಿಮ್ಮ ಎದುರಿನ ಮನೆ ಎಷ್ಟಕ್ಕೆ ಹೋಯ್ತು?"

"ಎಂಬತ್ತು ಹೇಳ್ತಿದ್ರಪ್ಪ."

ಇದು ಉತ್ತರವಲ್ಲ. ಹೋದ ದರ ಕೇಳಿದರೆ ಹೇಳಿದ ದರ ಬಂತು. ಹತ್ತರಲ್ಲಿ ಎಂಟು ಜನ ಹೀಗೇ ಹೇಳುತ್ತಾರೆ, ಸುಳ್ಳು ಹೇಳಬೇಕು ಅಂತಲ್ಲ, ಅವರಿಗೆ ಗೊತ್ತಿರುವುದೇ ಅಷ್ಟು. ಅದರ ಮೇಲೆ ತಮ್ಮ ಬೀದಿಯ ದರ ಜಾಸ್ತಿ ಇರಲಿ ಅಂತ ಎಲ್ಲರಿಗೂ ಆಸೆ. ಹಾಗಾಗಿ ಸ್ವಂತ ಮನೆ ಇದ್ದವರಿಗಿಂತ ಬಾಡಿಗೆಗೆ ಇರುವವರ ಮಾತು ಜಾಸ್ತಿ ನಂಬಬಹುದು. ಮಾರಾಟವಾಗಿ ಆರೇಳು ತಿಂಗಳಾದ ಮನೆಯ ಹೊಸ ಯಜಮಾನರನ್ನು ಸಿಕ್ಕಿದರೆ ಬಿಡಬೇಡಿ. ತಾವೂ ಅದೇ ದಾರಿಯಲ್ಲಿ ಬಂದವರು, ನೇರವಾಗಿ ಹೇಳುವವರು ಬಹಳ ಜನ ಇದ್ದಾರೆ.

ಉಪನೋಂದಣಿ ಕಚೇರಿ ಹತ್ತಿರದ ಪತ್ರ ಬರಹಗಾರರಿಗೂ ಊರಿನ ನಾಡಿ ಗೊತ್ತು. ಇಂಥವರ ಪತ್ರ ತೋರಿಸಿ ಅಂತ ಕೇಳಬೇಡಿ, ಅದು ತಪ್ಪು. "ಈ ಕಡೆ ಈಗ ಮಾರ್ಗಸೂಚಿಗೂ ವ್ಯಾಪಾರಕ್ಕೂ ಎಷ್ಟು ಅಂತರ ನಡೀತಿದೆ?" ಅಂತ ಕೇಳಿ. ಬ್ರೋಕರ್‌ಗಳ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ, ಕಮಿಷನ್ ದರದ ಮೇಲೆ ನಿಂತಿದೆ. ಆದರೂ ಅವರಲ್ಲಿ ಒಳ್ಳೆಯವರಿದ್ದಾರೆ. ಒಂದು ಪರೀಕ್ಷೆ ಮಾಡಿ: ಕೊಳ್ಳುವ ಮನೆಯ ಮಾತು ಬಿಟ್ಟು, ಅದೇ ಬೀದಿಯಲ್ಲಿ ನಿಮ್ಮದೊಂದು ಮನೆ ಮಾರುವುದಿದ್ದರೆ ಎಷ್ಟು ಬರಬಹುದು ಅಂತ ಅಭಿಪ್ರಾಯ ಕೇಳಿ. ಆಗ ಬರುವ ಅಂಕಿಗೂ ಮೊದಲಿನ ಅಂಕಿಗೂ ಇರುವ ಅಂತರ ಗಮನಿಸಿ.

ಸಿಕ್ಕ ದರವನ್ನು ನಿಮ್ಮ ಮನೆಗೆ ಹೊಂದಿಸುವುದು

ಪಕ್ಕದ ಮನೆ 58 ಲಕ್ಷಕ್ಕೆ ಹೋಗಿದೆ ಅಂತ ಗಟ್ಟಿಯಾಯಿತು ಅನ್ನಿ. ಆದರೆ ನೀವು ನೋಡುತ್ತಿರುವ ಮನೆ ಅದರ ಹಾಗೇ ಇಲ್ಲ. ಆಗ ಜಾಗ, ಕಟ್ಟಡ ಎರಡನ್ನೂ ಬಿಡಿಸಬೇಕು.

ಹೋದ ಮನೆ 30x40 ಸೈಟಿನಲ್ಲಿದೆ, 1200 ಚದರಡಿ. ಕಟ್ಟಡ 12 ಚದರ (ಒಂದು ಚದರ ಅಂದರೆ 100 ಚದರಡಿ), 20 ವರ್ಷ ಹಳೆಯದು. ಇವತ್ತು ಹೊಸದಾಗಿ ಕಟ್ಟಲು ಚದರಕ್ಕೆ 2 ಲಕ್ಷ ಅಂತ ಉದಾಹರಣೆಗೆ ಹಿಡಿಯೋಣ, ನಿಮ್ಮೂರಿನ ನಿಜವಾದ ದರವನ್ನು ಗುತ್ತಿಗೆದಾರರನ್ನು ಕೇಳಿ ಹಾಕಿಕೊಳ್ಳಿ. ಹೊಸದಾದರೆ 24 ಲಕ್ಷ. ಆರ್‌ಸಿಸಿ ಕಟ್ಟಡಕ್ಕೆ 60 ವರ್ಷ ಆಯಸ್ಸು ಹಿಡಿಯುವುದು ರೂಢಿ. 20 ವರ್ಷ ಅಂದರೆ ಮೂರನೇ ಒಂದು ಭಾಗ ಸವೆದಿದೆ, ಉಳಿದದ್ದು 16 ಲಕ್ಷ. 58ರಲ್ಲಿ 16 ಕಳೆದರೆ ಜಾಗಕ್ಕೆ 42 ಲಕ್ಷ, ಅಂದರೆ ಚದರಡಿಗೆ 3,500.

ನೀವು ನೋಡುತ್ತಿರುವ ಮನೆ 30x50, 1500 ಚದರಡಿ. ಕಟ್ಟಡ 15 ಚದರ, 6 ವರ್ಷದ್ದು. ಜಾಗಕ್ಕೆ 52,50,000. ಕಟ್ಟಡ ಹೊಸದಾದರೆ 30 ಲಕ್ಷ, ಹತ್ತನೇ ಒಂದು ಭಾಗ ಕಳೆದರೆ 27. ಒಟ್ಟು 79,50,000. ಅವರು 95 ಕೇಳುತ್ತಿದ್ದರೆ, ಆ ಹದಿನೈದೂವರೆ ಲಕ್ಷ ಯಾವುದಕ್ಕೆ ಅಂತ ವಿಚಾರಿಸಿ. ಪೂರ್ವ ದಿಕ್ಕಿಗೆ ಒಂದಿಷ್ಟು, ಅಗಲ ರಸ್ತೆಗೆ ಒಂದಿಷ್ಟು, ತೇಗದ ಬಾಗಿಲಿಗೆ ಒಂದಿಷ್ಟು ಇರಬಹುದು. ಒಂದೊಂದನ್ನೂ ಕೇಳಿ, ಒಪ್ಪುವುದಾದರೆ ಒಪ್ಪಿ. ಮೊತ್ತದ ಬಗ್ಗೆ ಜಗಳವಾಡುವುದಕ್ಕಿಂತ ಹೀಗೆ ಬಿಡಿಸಿ ಮಾತಾಡಿದರೆ ಮಾರುವವರಿಗೂ ಅವಮಾನವಾಗುವುದಿಲ್ಲ.

ಹೆಂಚಿನ ಮನೆಗೆ ಈ ಸವಕಳಿ ಲೆಕ್ಕ ನಡೆಯುವುದಿಲ್ಲ. ಗೋಡೆಗೆ ಬೆಲೆ ಬರದೆ ಹೋಗಬಹುದು, ಹಳೇ ಕಾಲದ ಮರಮಟ್ಟುಗಳಿಗೆ ಬರಬಹುದು. ಅದಕ್ಕೆ ಬಡಗಿಯನ್ನು ಕರೆದುಕೊಂಡು ಹೋಗಿ.

ಹೋಲಿಸುವಾಗ ಬಗೆ ಬೇರೆ ಇರುವ ಸ್ವತ್ತುಗಳನ್ನು ಒಂದೇ ತಕ್ಕಡಿಗೆ ಹಾಕಬೇಡಿ. ಸೂಡಾ ಮಂಜೂರಾದ ಬಡಾವಣೆಯ ಇ-ಖಾತೆ ಇರುವ ಸೈಟಿಗೂ, ಕೃಷಿ ಜಮೀನನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಸೈಟಿಗೂ ದರದಲ್ಲಿ ಹೋಲಿಕೆಯೇ ಇಲ್ಲ. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ನಮೂನೆ 9 ಮತ್ತು 11ಎ (ಕ್ರಮಬದ್ಧ ಸ್ವತ್ತಿನ ದಾಖಲೆ) ಇದೆಯೋ, 11ಬಿ (ಅನುಮೋದನೆ ಇಲ್ಲದ ಸ್ವತ್ತಿನ ದಾಖಲೆ) ಮಾತ್ರ ಇದೆಯೋ ನೋಡಿ. 11ಬಿ ಇರುವ ಸೈಟು ಅಗ್ಗಕ್ಕೆ ಸಿಗುತ್ತದೆ, ಬ್ಯಾಂಕುಗಳು ಅದರ ಮೇಲೆ ಸಾಲ ಕೊಡಲು ಹಿಂದೆ ಮುಂದೆ ನೋಡುತ್ತವೆ. ಇನ್ನೊಂದು ಮಾತು, ನದಿ ಹತ್ತಿರದ ಬಡಾವಣೆಗಳದ್ದು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ತಗ್ಗಿನ ಪ್ರದೇಶಗಳಿಗೆ ನೀರು ನುಗ್ಗಿತ್ತು. ಆ ವರ್ಷ ಅಲ್ಲಿ ಎಷ್ಟು ಎತ್ತರಕ್ಕೆ ನೀರು ಬಂದಿತ್ತು ಅಂತ ಹಳಬರನ್ನು ಕೇಳದೆ ದರ ಮಾತಾಡಬೇಡಿ. ಒಂದೇ ಬಡಾವಣೆಯಲ್ಲಿ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ವ್ಯತ್ಯಾಸ ಇರುವುದು ಇದಕ್ಕೇ.

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹೋದರೆ

ಹಳ್ಳಿಯಲ್ಲಿ ಮನೆ ಅಂದರೆ ಮನೆ ಒಂದೇ ಅಲ್ಲ. ತೋಟ, ಗದ್ದೆ, ಕೊಟ್ಟಿಗೆ, ಹಿಂದಿನ ಬ್ಯಾಣ (ಹುಲ್ಲುಗಾವಲು) ಎಲ್ಲಾ ಸೇರಿ ಒಟ್ಟು ಇಷ್ಟು ಅಂತ ಹೇಳುತ್ತಾರೆ. ವರ್ಷಕ್ಕೆ ಒಂದು ಮಾರಾಟವೂ ನಡೆಯದ ಊರುಗಳಿವೆ. ಅಲ್ಲಿ ಪಕ್ಕದ ಮನೆಯ ಇ.ಸಿ. ಹುಡುಕುತ್ತೇನೆ ಅಂದರೆ ಏನೂ ಸಿಗುವುದಿಲ್ಲ. ಹೋಬಳಿ ಮಟ್ಟಕ್ಕೆ ಹುಡುಕಾಟ ಅಗಲ ಮಾಡಬೇಕು, ಹಿಂದಿನ ನಾಲ್ಕೈದು ವರ್ಷ ತೆಗೆದುಕೊಳ್ಳಬೇಕು.

ಶುರು ಮಾಡುವುದು ಪಹಣಿಯಿಂದ. ಪಹಣಿಯಲ್ಲಿ ಯಜಮಾನರ ಹೆಸರಿನ ಪಕ್ಕ ಸ್ವಾಧೀನಕ್ಕೆ ಬಂದ ರೀತಿ, ಎಂ.ಆರ್. (ಹಕ್ಕು ಬದಲಾವಣೆ) ಸಂಖ್ಯೆ ಇರುತ್ತದೆ. ಇತ್ತೀಚೆಗೆ ಕ್ರಯದಿಂದ ಬಂದ ಸರ್ವೆ ನಂಬರ್‌ಗಳನ್ನು ಗುರುತು ಮಾಡಿಕೊಂಡು, ಅವುಗಳ ಇ.ಸಿ. ತೆಗೆಯಿರಿ. ಎಕರೆ ದರ ಲೆಕ್ಕ ಹಾಕುವಾಗ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಕಳೆಯಿರಿ. ನಾಲ್ಕು ಎಕರೆ ಅಂತ ಬಾಯಲ್ಲಿ ಹೇಳಿದ್ದು ಖರಾಬು ಕಳೆದು ಮೂರು ಎಕರೆ ಹತ್ತು ಗುಂಟೆಗೆ ಬಂದರೆ ದರವೇ ಬದಲಾಯಿತಲ್ಲ. ತರಿ (ಗದ್ದೆ), ಖುಷ್ಕಿ (ಮಳೆಯಾಶ್ರಿತ ಜಮೀನು), ಬಾಗಾಯ್ತು (ತೋಟ) ಬೇರೆ ಬೇರೆ ಲೆಕ್ಕ.

ತೋಟದ ದರ ಅಡಿಕೆ ಧಾರಣೆಯ ಹಿಂದೆ ಓಡುತ್ತದೆ. ಧಾರಣೆ ಏರಿದ ವರ್ಷದ ಕ್ರಯಪತ್ರವನ್ನು ಇಳಿದ ವರ್ಷಕ್ಕೆ ಹಾಗೇ ತರಬೇಡಿ. ಎಲೆಚುಕ್ಕಿ ರೋಗ ಬಂದ ತೋಟಕ್ಕೂ ಬಾರದ ತೋಟಕ್ಕೂ ಒಂದೇ ದರ ಇಲ್ಲ. ಮೇ ತಿಂಗಳಲ್ಲಿ ಬಾವಿ ನೋಡಿ, ಜುಲೈನಲ್ಲಿ ದಾರಿ ನೋಡಿ.

2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹೊಳೆ ಪಕ್ಕ, ಗುಡ್ಡದ ನೋಟ ಇರುವ ಜಾಗಗಳಿಗೆ ಬೆಂಗಳೂರಿನವರು ಕೊಟ್ಟ ದರ ಒಂದು, ಊರಿನವರು ತೋಟ ಮಾಡಲು ಕೊಡುವ ದರ ಒಂದು. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಹಿನ್ನೀರಿನ ಆಚೆಯ ಜಾಗಕ್ಕೆ ಸೇತುವೆಗೆ ಮುಂಚಿನ ಪತ್ರ ಹಿಡಿದು ದರ ಕಟ್ಟಿದರೆ ತಾಳೆಯಾಗುವುದಿಲ್ಲ.

ಮತ್ತೆ, ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಅಂತ ನೋಡಿ. ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ತೋಟದ ಜೊತೆ ಬರುವ ಸವಲತ್ತು, ಒಡೆತನವಲ್ಲ. ಒತ್ತುವರಿ ಜಾಗ, ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯ ಸಕ್ರಮ) ಅರ್ಜಿ ಹಾಕಿದ ಜಾಗ ಮಾರುವವರದೇ ಅಲ್ಲ. ಶರಾವತಿ ಅಣೆಕಟ್ಟಿನಿಂದ ಜಾಗ ಮುಳುಗಿದವರಿಗೆ ಕೊಟ್ಟ ಎಷ್ಟೋ ಭೂಮಿಯ ಹಕ್ಕಿನ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆ ಪ್ರಕಾರ ಆ ಕ್ರಯ ಊರ್ಜಿತವಾಗುವುದಿಲ್ಲ. ಇಂಥ ಜಾಗದ ಅಗ್ಗದ ದರವನ್ನು ಹೋಲಿಕೆಗೂ ತರಬೇಡಿ, ಖರೀದಿಗೂ ಹೋಗಬೇಡಿ.

ಹಾಗಾದರೆ ಯಾರಿಗೆ ಯಾವುದು?

ಪೇಟೆಯ ಹಳೇ ಬಡಾವಣೆಯಲ್ಲಿ ಕಟ್ಟಿದ ಮನೆ ಕೊಳ್ಳುವವರು ಇ.ಸಿ.ಯಿಂದ ಶುರು ಮಾಡಿ. ಅದೇ ಬೀದಿಯ ಮೂರು ಒಳ್ಳೆಯ ಸಾಲು ಸಿಕ್ಕರೆ ಸಾಕು. ಹೊಸ ಬಡಾವಣೆಯಲ್ಲಿ ಸೈಟು ಕೊಳ್ಳುವವರಿಗೆ ಹಳೇ ಮಾರಾಟ ಸಿಗುವುದು ಕಷ್ಟ. ಅವರು ಹತ್ತಿರದ ಸೂಡಾ ಹರಾಜು ನೋಡಿ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆ ನೋಂದಣಿಯಾಗಿದೆಯಾ ಅಂತ ನೋಡಿ, ಅದೇ ಬಡಾವಣೆಯಲ್ಲಿ ಒಮ್ಮೆ ಕೊಂಡವರು ಮತ್ತೆ ಮಾರಲು ಹೊರಟರೆ ಎಷ್ಟು ಸಿಗುತ್ತಿದೆ ಅಂತ ವಿಚಾರಿಸಿ. ಬಡಾವಣೆ ಮಾಡಿದವರು ಹೊಸ ಸೈಟಿಗೆ ಹೇಳುವ ದರಕ್ಕಿಂತ ಮರುಮಾರಾಟದ ದರ ಕೆಳಗಿದ್ದರೆ ನಿಲ್ಲಿ. ಹಳ್ಳಿ ಕಡೆಯವರು ಜನರ ಮಾತಿಗೆ ಜಾಸ್ತಿ ತೂಕ ಕೊಡಿ, ಪಹಣಿಯನ್ನು ಮೊದಲು ಓದಿ. ದೂರದ ಊರಿನಲ್ಲಿದ್ದು ಇಲ್ಲಿ ಮನೆ ಮಾಡಲು ಹೊರಟವರು ಖಾಸಗಿ ಮೌಲ್ಯಮಾಪಕರಿಗೆ ದುಡ್ಡು ಕೊಡಿ, ಫೋನಿನಲ್ಲಿ ಬರುವ ದರ ನಂಬಬೇಡಿ.

ದರ ಗಟ್ಟಿಯಾದ ಮೇಲೆ "ಪತ್ರದಲ್ಲಿ ಕಡಿಮೆ ಬರೆಸೋಣ" ಅನ್ನುವ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದಕ್ಕೆ 2015ರಿಂದಲೂ ನಿಷೇಧ ಇದೆ, ಸಿಕ್ಕಿಬಿದ್ದರೆ ಪಡೆದಷ್ಟೇ ದಂಡ. ಕಡಿಮೆ ಬರೆಸಿದರೆ ನಿಮಗೆ ಸಾಲ ಕಡಿಮೆ ಸಿಗುತ್ತದೆ. ಮುಂದೆ ನೀವು ಮಾರುವಾಗ ಲಾಭ ಜಾಸ್ತಿ ಕಂಡು ತೆರಿಗೆಯೂ ಜಾಸ್ತಿ ಬೀಳುತ್ತದೆ. ವ್ಯವಹಾರ ಮುರಿದರೆ ಕೈಯಲ್ಲಿ ಕೊಟ್ಟ ದುಡ್ಡಿಗೆ ಸಾಕ್ಷಿ ಇಲ್ಲ. ನಿಮ್ಮ ನಂತರ ಅದೇ ಬೀದಿಯಲ್ಲಿ ಮನೆ ಹುಡುಕುವವರಿಗೂ ಮತ್ತೊಂದು ಸುಳ್ಳು ಸಾಲು ಸೇರುತ್ತದೆ.

50 ಲಕ್ಷ ಅಥವಾ ಅದಕ್ಕಿಂತ ಮೇಲಿನ ಮನೆಯಾದರೆ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಡಿತ ಮಾಡಿ ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಜವಾಬ್ದಾರಿ. ಅದು ಮಾರುವವರಿಗೆ ಕೊಡುವ ದುಡ್ಡಿನಿಂದಲೇ ಹೋಗುತ್ತದೆ. ನೋಂದಣಿ ಖರ್ಚು ಹಾಗಲ್ಲ, ನಿಮ್ಮ ಕೈಯಿಂದಲೇ ಹೋಗಬೇಕು. ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್ ಮತ್ತು ಅಧಿಭಾರ ಸೇರಿ ಪೇಟೆಯಲ್ಲಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%. ಅಂದರೆ 60 ಲಕ್ಷದ ಮನೆಗೆ 4,56,000 ರೂಪಾಯಿ. ಸಾಮಾನ್ಯವಾಗಿ ಬ್ಯಾಂಕು ಇದಕ್ಕೆ ಸಾಲ ಕೊಡುವುದಿಲ್ಲ. ಈ ಮೊತ್ತವನ್ನು ಮೊದಲೇ ಪಕ್ಕಕ್ಕೆ ತೆಗೆದಿಟ್ಟು, ಉಳಿದ ದುಡ್ಡಿಗೆ ಎಂಥ ಮನೆ ಬರುತ್ತದೆ ಅಂತ ಹುಡುಕಲು ಹೊರಡಿ.